ಇಲ್ಲದ ತಂತಿಯಲ್ಲಿ ಬಂದ ಪಟ್ಟಿ

ಕೆಲಸ ಬಹಳ ಸುಲಭದ್ದು. ನನ್ನಂಥವನಿಗಂತೂ ಎಡಗೈ ಕೆಲಸ! ತೊಂಬತ್ತರ ದಶಕದ ಕೊನೆಯ ಮಾತು. ಅಫಜಲಪುರ ಮತ್ತು ಜೇವರ್ಗಿಯಿಂದ ದಿನಾ ಎರಡೆರಡು ಪಟ್ಟಿ ಆಳಂದದ ನಮ್ಮ ಕಚೇರಿಗೆ ಬರಬೇಕಿತ್ತು. ಬದುಕಿರುವ ಪಿಂಚಣಿದಾರರದ್ದು ಒಂದು, ತೀರಿಕೊಂಡವರದ್ದು ಒಂದು. ಅದಕ್ಕೆಂದೇ ಎಟಿಎಂ ಜಾಲ ಹಾಕಿದ್ದರು. (ಹಣ ಕೊಡುವ ಯಂತ್ರವಲ್ಲ, ಮಹಾರಾಯರೇ, ಊರಿಂದೂರಿಗೆ ಕಂಪ್ಯೂಟರ್ ಜೋಡಿಸುವ ಜಾಲ.) ಪಟ್ಟಿಗೊಂದರಂತೆ ಅದರಲ್ಲಿ ಪರ್ಮನೆಂಟ್ ವರ್ಚುಯಲ್ ಸರ್ಕ್ಯೂಟ್ ಕೂಡಿಸುವುದು ನನ್ನ ಹೊಣೆ. ಅಂದರೆ ಕಣ್ಣಿಗೆ ಕಾಣದ, ಕೈಗೆ ಸಿಗದ, ಆದರೆ ಯಾವಾಗಲೂ ತೆರೆದೇ ಇರುವ ದಾರಿ. ಡಯಲ್ ಮಾಡಬೇಕಿಲ್ಲ, ಕರೆಯಬೇಕಿಲ್ಲ. ಆ ಕಡೆಯಿಂದ ಹೊರಟದ್ದು ಈ ಕಡೆ ತಾನಾಗಿ ಬರುತ್ತದೆ.

ಜೇವರ್ಗಿ ತಾಲೂಕಿನ ಅಂದೋಲಾದಲ್ಲಿರುವ ನನ್ನ ಮಾವ, ನಿವೃತ್ತ ಗಣಿತದ ಮಾಸ್ತರರಾದ ಶರಣಪ್ಪನವರಿಗೆ ಇದನ್ನೆಲ್ಲ ಹಿಂದೊಮ್ಮೆ ವಿವರಿಸಿದ್ದೆ. "ಇಲ್ಲದ ತಂತಿ ಜೋಡಸಾಂವಗ ಮಗಳನ್ನ ಕೊಟ್ಟೆನಲ್ಲೋ ಶಿವನೇ!" ಅಂದಿದ್ದರು. ನನಗೆ ನಗು ಬಂತು. ನನ್ನ ಹೆಂಡತಿ ನೀಲಮ್ಮನಿಗೆ ಬರಲಿಲ್ಲ. ಗಂಡನ ಮರ್ಯಾದೆಗಾಗಿ ಅವಳು ಒಂದು ವರ್ಷದಿಂದ ತವರಿಗೆ ಹೋಗಿರಲಿಲ್ಲ, ತಂದೆಯ ಕೂಡ ಮಾತೂ ಬಿಟ್ಟಿದ್ದಳು. ಆದರೂ ಆ ಕಡೆಯವರು ಯಾರಾದರೂ ಬಂದರೆ, "ಅಪ್ಪ ಹೆಂಗದಾನ?" ಎಂದು ಮೆಲ್ಲಗೆ ಕೇಳುತ್ತಿದ್ದಳು.

ಸರಿ, ಸ್ವಿಚ್ಚಿನಲ್ಲಿ, ಅಂದರೆ ದಾರಿಗಳೆಲ್ಲ ಕೂಡುವ ಪೆಟ್ಟಿಗೆಯಲ್ಲಿ, ಒಳಗೆ ಬರುವ ದಾರಿಯ ಸಂಖ್ಯೆಗೂ ಹೊರಗೆ ಹೋಗುವ ದಾರಿಯ ಸಂಖ್ಯೆಗೂ ಗಂಟು ಹಾಕಬೇಕು. ಹಾಕಿದೆ. ಬದುಕಿದವರಿಗೊಂದು, ತೀರಿಕೊಂಡವರಿಗೊಂದು ಎಂದು ಇಟ್ಟಿದ್ದ ಎರಡೂ ಪ್ರಿಂಟರುಗಳು ಗರ್ರೆಂದವು. ಒಂದಕ್ಷರ ತಪ್ಪಿರಲಿಲ್ಲ! "ಪರೀಕ್ಷೆ ಯಶಸ್ವಿ" ಎಂದು ಷರಾ ಬರೆದು, ಸಹಿ ಜಡಿದು, ಚಹಾ ಕುಡಿದೆ.

ಮರುದಿನ ಮಟಮಟ ಮಧ್ಯಾಹ್ನ. ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಯಾರೂ ಮುಟ್ಟದೆ ಮೂಲೆಯ ಪ್ರಿಂಟರ್ ಒಮ್ಮೆಲೇ ಶುರುವಾಯಿತು. ಅದರಲ್ಲಿದ್ದದ್ದು "ಮೃತರ ಪಟ್ಟಿ" ಎಂದು ಮೊದಲೇ ಅಚ್ಚು ಹಾಕಿಸಿದ ಕಾಗದ. ಮೊದಲ ಸಾಲು "ಜೇವರ್ಗಿ ತಾಲೂಕು", ಆಮೇಲೆ ಒಂದು ಹೆಸರು, ಎರಡು, ಹತ್ತು... ನಿಲ್ಲಲೇ ಇಲ್ಲ. ನಮ್ಮ ಗುಮಾಸ್ತ ರಸೂಲ್ ಸಾಹೇಬರ ಮುಖ ಬಿಳಚಿಕೊಂಡಿತು.

"ಯಾ ಅಲ್ಲಾ! ಜೇವರ್ಗಿದಾಗ ಒಂದೇ ದಿನ ಇಷ್ಟ್ ಮಂದಿ ಹೋದ್ರೇನ್ರಿ? ಏನ್ ಬ್ಯಾನಿ ಬಂತ್ರಿ ಅಲ್ಲಿ?"

ಬಗ್ಗಿ ನೋಡಿದೆ. ಯಂತ್ರ ಟಕಟಕ ಎಂದು ಬರೆಯಿತು: ಶರಣಪ್ಪ, ತಂದೆ ಗುರುಬಸಪ್ಪ, ನಿವೃತ್ತ ಶಿಕ್ಷಕ, ಅಂದೋಲಾ.

ಕಾಗದ ಹರಿದು ಜೇಬಿಗೆ ತುರುಕಿಕೊಂಡೆ. ಯಂತ್ರವನ್ನು ಸಂಶಯಿಸಬೇಕೆಂದು ಹೊಳೆಯಲೇ ಇಲ್ಲ. ಕೂಡಿಸಿದವನು ನಾನಲ್ಲವೇ!

ಅಂದೋಲಾಕ್ಕೆ ಫೋನ್ ಹತ್ತಲಿಲ್ಲ. ನಮ್ಮಲ್ಲಿ ಹೋದವರನ್ನು ಅದೇ ದಿನ ಮಣ್ಣು ಮಾಡುತ್ತಾರೆ. ತಡಮಾಡಿದರೆ ಮುಖವೂ ಸಿಗುವುದಿಲ್ಲ. ಮನೆಗೆ ಓಡಿ ನೀಲಮ್ಮನಿಗೆ ಹೇಳಿದೆ. ಹೂವಿನ ಹಾರ ಕೊಂಡು, ಜೀಪು ಮಾಡಿಕೊಂಡು ಹೊರಟೆವು. ದಾರಿಯುದ್ದಕ್ಕೂ ನೀಲಮ್ಮ ಒಂದೇ ಮಾತು ಹೇಳಿ ಅತ್ತಳು: "ನಾ ಒಂದ್ ಮಾತ್ ಆಡಿದ್ರ ಏನ್ ಹೋಗ್ತಿತ್ರಿ? ಸಿಟ್ಟಿನ್ಯಾಗೇ ಕಳಿಸಿಬಿಟ್ಟೆ ಅಪ್ಪನ್ನ." ನನಗೂ ಅಳು ಬಂತು.

ಅಂದೋಲಾದ ಓಣಿಯಲ್ಲಿ ಜನವಿಲ್ಲ, ಸದ್ದಿಲ್ಲ. ಮಾವನ ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು! ನಮ್ಮವರಲ್ಲಿ ಹೆಣವನ್ನು ಹಾಗೆಯೇ ಕೂಡಿಸುವುದು. ಹಣೆತುಂಬ ವಿಭೂತಿ, ಬಿಳಿ ಧೋತರ, ಮುಚ್ಚಿದ ಕಣ್ಣು. ಆದರೆ ಸುತ್ತ ಒಬ್ಬರೂ ಇಲ್ಲ, ಅಳುವ ದನಿಯಿಲ್ಲ. ಹೆಣವನ್ನು ಒಂಟಿ ಬಿಟ್ಟು ಊರೆಲ್ಲ ಎಲ್ಲಿ ಹೋಯಿತು? ಊರಿಗೆ ಊರೇ ಪಟ್ಟಿಯಲ್ಲಿತ್ತೇನೋ! ಮುಂದೆ ಹೋಗಿ ಕೊರಳಿಗೆ ಹಾರ ಹಾಕಿದೆ.

ಹೆಣ ಕಣ್ಣು ತೆರೆಯಿತು.

"ಯಾರಲೇ ಅದು?"

ನಾನು ಹಿಂದಕ್ಕೆ ನೆಗೆದ ರಭಸಕ್ಕೆ ನೀರಿನ ಕೊಡ ಉರುಳಿತು. ಮಾವ ಪೂಜೆ ಮುಗಿಸಿ ತೂಕಡಿಸುತ್ತಿದ್ದರು, ಊರು ಬಿಸಿಲಿಗೆ ಹೆದರಿ ಒಳಗೆ ಸೇರಿತ್ತು, ಅಷ್ಟೇ. ನೀಲಮ್ಮ "ಅಪ್ಪಾ!" ಎಂದು ಅವರ ಕಾಲು ತಬ್ಬಿಕೊಂಡಳು. ಹಾರದ ಸಮೇತ ಬಗ್ಗಿ ಅವರು ಅವಳ ತಲೆ ಸವರಿದರು. "ಬಂದಿ ಏನವ್ವಾ? ಭಾಳ ದಿನಾ ಮಾಡಿದಿ" ಅಂದರು.

ನಾನು ಪಟ್ಟಿ ತೋರಿಸಿದೆ. ಮಾಸ್ತರರು ಕನ್ನಡಕ ಏರಿಸಿ ಓದಿದರು.

"ಅಳಿಯಂದ್ರ, ಇವ್ರೆಲ್ಲಾ ನನ್ನ ಹಂಗ ಪಿಂಚಣಿ ತಿನ್ನೋ ಮಂದಿ. ಬದುಕಿದವ್ರ ಪಟ್ಟಿ ಸತ್ತವ್ರ ದಾರಿಗೆ ಹಚ್ಚೀರಿ. ಕಾಗದ ಬಂತೋ ಇಲ್ಲೋ ನೋಡೀರಿ, ಏನ್ ಬಂತು ನೋಡಿಲ್ಲ. ಈಗ ಉಳದವ್ರ ಮನಿಗೂ ಯಾರರೆ ಹಾರ ಹಿಡ್ಕೊಂಡು ಹೊಂಟಿದ್ರ? ನಡೀರಿ, ಹೇಳಿ ಬರ್ರಿ."

ಪಟ್ಟಿಯಲ್ಲಿ ಅದೇ ಊರಿನವರು ಇನ್ನೂ ಐದಾರು ಜನರಿದ್ದರು. ಮೊದಲ ಮನೆಯ ಅಜ್ಜಿಯನ್ನು ಅತ್ಯಂತ ವಿನಯದಿಂದ ಕೇಳಿದೆ: "ಅಜ್ಜಾರು ಇನ್ನಾ ಅದಾರೇನ್ರಿ?" ಆಕೆ ನನ್ನ ಕೈಯ ಪಟ್ಟಿ ನೋಡಿ, ಮುಖ ನೋಡಿ, ಬಾಗಿಲು ಹಾಕಿಕೊಂಡಳು. ಎರಡನೇ ಮನೆಯಲ್ಲಿ ಖುದ್ದು ಪಟ್ಟಿಯಲ್ಲಿದ್ದವರೇ ಎದುರಾದರು. "ನಿಮ್ಮ ಹೆಸರು ಸತ್ತವ್ರೊಳಗ ಬಂದದರಿ, ಹೆದರಬ್ಯಾಡ್ರಿ" ಅನ್ನುವಷ್ಟರಲ್ಲಿ ಕುಸಿದು ಕೂತರು! ಮೂರನೆಯ ಮನೆಗೆ ನನಗಿಂತ ಮೊದಲು ಸುದ್ದಿ ಮುಟ್ಟಿತ್ತು. ನಾನು ನಡೆದಂತೆ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಕಿಟಕಿಯ ಸಂದಿಯಿಂದ ಒಂದು ದನಿ ಬಂತು: "ಯಮನ ಕಾರಕೂನ ಬಂದಾನ, ಮುದಕರನ್ನ ಒಳಗ ಕರೀರಿ!" ಆ ನಿಶ್ಶಬ್ದದಲ್ಲಿ ನನ್ನ ಚಪ್ಪಲಿಯ ಸದ್ದಿಗೆ ನಾನೇ ಎರಡು ಸಲ ಹಿಂತಿರುಗಿ ನೋಡಿದೆ.

ಬೆವರು ಒರೆಸಿಕೊಳ್ಳುತ್ತ ಮಾವನ ಮನೆಗೆ ಮರಳಿದೆ. ತಂದೆ ಮಗಳು ಒಂದೇ ತಾಟಿನಲ್ಲಿ ರೊಟ್ಟಿ ತಿನ್ನುತ್ತ ವರ್ಷದ ಮಾತೆಲ್ಲ ಆಡುತ್ತಿದ್ದರು. ನನ್ನನ್ನು ಕಂಡು ನೀಲಮ್ಮ ಎದ್ದು ಬಂದಳು. ನೀರು ಕೊಡುತ್ತಾಳೆ ಎಂದುಕೊಂಡೆ.

"ಅಪ್ಪಾ, ಪಟ್ಟಿಯವ್ರು ಬಂದಾರ. ಬಾಗಿಲಾ ಹಾಕ್ಲ್ಯಾ?"

"ಹಾಕವ್ವ" ಅಂದರು ಮಾವ.

ಹಾಕಿದಳು!