ಪೆಟಾಲಿಂಗ್ ಜಯಾಕ್ಕೆ ಬಂದ ಹಿಮದ ಜೇಡಗಳು

ಜೇಡಗಳ ಸಹವಾಸಕ್ಕೆ ಬಿದ್ದವರಿಗೆ ನಗೆಪಾಟಲು ತಪ್ಪಿದ್ದಲ್ಲ. ನನಗಂತೂ ಅದು ತಿಂಗಳ ಸಂಬಳಕ್ಕಿಂತ ನಿಯಮಿತವಾಗಿ ಸಿಗುತ್ತಿತ್ತು. ಹಾಗಂತ ನಾನೇನೂ ಅವುಗಳನ್ನು ಹುಡುಕಿಕೊಂಡು ಹೋದವಳಲ್ಲ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಯಜಮಾನರ ನೌಕರಿಯ ಬೆನ್ನಿಗೆ ಮಲೇಷ್ಯಾಕ್ಕೆ ಬಂದು, ಏಳು ವರ್ಷ ಸಾರಿಗೆ ಒಗ್ಗರಣೆ ಹಾಕಿದ ಮೇಲೆ ಪೆಟಾಲಿಂಗ್ ಜಯಾದ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ನೋಡುತ್ತಾರೆ. ಒಪ್ಪಿದರೆ ಕಾಯಂ, ಇಲ್ಲವಾದರೆ ಮತ್ತೆ ಒಗ್ಗರಣೆ.

೧. ತಳದಲ್ಲಿದ್ದ ಕಸ

ಉತ್ತರ ಧ್ರುವದ ಹತ್ತಿರದ ಹಿಮನಾಡಿನಲ್ಲಿ ಒಬ್ಬ ಹಿರಿಯ ವಿಜ್ಞಾನಿ ಜೇಡಗಳನ್ನು ಹಿಡಿದು, ಸ್ಪಿರಿಟ್ ತುಂಬಿದ ಸಣ್ಣ ಸೀಸೆಗಳಲ್ಲಿ ಹಾಕಿ ಕಳಿಸುತ್ತಿದ್ದರು. ಅವರಿಗೂ ನಮ್ಮ ಮುಖ್ಯಸ್ಥೆ ಮೇಡಂಗೂ ಹಳೆಯ ಸ್ನೇಹ. ಆ ಜೇಡಗಳನ್ನು ಬಗೆ ಬಗೆಯಾಗಿ ಬೇರ್ಪಡಿಸುವುದು ನನ್ನ ಕೆಲಸ.

ನಮ್ಮ ಬಾತ್‌ರೂಮಿನ ಗೋಡೆಯ ಮೇಲೆ ಅಂಗೈ ಅಗಲದ ಜೇಡ ಓಡಾಡುವ ಊರು ಇದು. ಅಷ್ಟು ದೂರದಿಂದ ವಿಮಾನ ಹತ್ತಿ ಬಂದವು ಇನ್ನೆಷ್ಟು ದೊಡ್ಡವೋ ಎಂದು ಹೆದರುತ್ತಲೇ ಮೊದಲ ಸೀಸೆಯನ್ನು ಬೆಳಕಿಗೆ ಹಿಡಿದೆ. ಪ್ರಯೋಗಾಲಯದ ಹಿರಿಯ ಸಹಾಯಕಿಯನ್ನು ನಾವೆಲ್ಲ 'ಕಾಕ್' ಎನ್ನುತ್ತಿದ್ದೆವು. ಮಲಯ ಭಾಷೆಯಲ್ಲಿ ಅಕ್ಕ ಎಂದರ್ಥ. ಮಾತಿನ ಕೊನೆಗೆ ಇಲ್ಲಿಯವರಂತೆ ಒಂದು 'ಲಾ' ಸೇರಿಸುವುದು ಅವರ ರೂಢಿ.

"ಕಾಕ್, ಇದರಲ್ಲಿ ಜೇಡ ಇಲ್ಲ. ತಳದಲ್ಲಿ ಸ್ವಲ್ಪ ಕಸ ಇದೆ. ಚೆಲ್ಲಿ ತೊಳೆದುಬಿಡ್ಲಾ?"

ಕಾಕ್ ಕುರ್ಚಿಯಿಂದ ಹಾರಿ ಬಂದು ಸೀಸೆ ಕಿತ್ತುಕೊಂಡರು. "ಅಯ್ಯೋ, ಆ ಕಸಾನೇ ಜೇಡ ಲಾ!"

ಸಾಸಿವೆ, ಎಳ್ಳು, ಅದಕ್ಕಿಂತಲೂ ಚಿಕ್ಕವು. ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿದೆ. ಒಂದು ಗಂಡಿನ ತಲೆಯ ಮೇಲೆ ಪುಟ್ಟ ಗುಡ್ಡ, ಆ ಗುಡ್ಡದ ತುದಿಯಲ್ಲಿ ಕಣ್ಣು. ಇನ್ನೊಂದರ ಕಾಲಿಗೆ ಒಂದರ ಹಿಂದೊಂದು ಮುಳ್ಳು. ಒಂದೇ ಸೀಸೆಯಲ್ಲಿ ಹನ್ನೊಂದು ಬಗೆ! ಮರವೂ ಬೆಳೆಯದ, ವರ್ಷದಲ್ಲಿ ಬಹುಪಾಲು ಹಿಮ ಹೊದ್ದು ಮಲಗುವ ನೆಲದಲ್ಲಿ ಇಷ್ಟೊಂದು ಸಂಸಾರಗಳು ಹೇಗೋ ಬದುಕುತ್ತವಲ್ಲ ಎಂದು ನನಗೆ ನಿಜಕ್ಕೂ ಕೈಮುಗಿಯಬೇಕೆನಿಸಿತು. ಕಾಕ್ ಒಂದು ಗಳಿಗೆ ತಡಮಾಡಿದ್ದರೆ ನಾನು ಅವನ್ನೆಲ್ಲ ಬೇಸಿನ್ನಿಗೆ ಸುರಿದು, ಸತ್ತವರನ್ನೇ ಎರಡನೇ ಸಲ ಕೊಂದಿರುತ್ತಿದ್ದೆ.

೨. ಅತ್ತೆಯ ಕಾನೂನು

ನಾನು ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳಿಗೆ ಅತ್ತೆ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದರು. ಸೊಸೆಗೆ ಕೆಲಸ ಸಿಕ್ಕಿದೆ ಎಂದು ವಾಟ್ಸ್ಯಾಪಿನಲ್ಲಿ ಊರಿಗೆಲ್ಲ ಸಾರಿದ್ದವರು, ಕೆಲಸ ಯಾವುದೆಂದು ಗೊತ್ತಾದ ಕೂಡಲೇ ಬಾಗಿಲಲ್ಲೇ ಅಡ್ಡ ನಿಂತರು.

"ಜೇಡ ಉಚ್ಚೆ ಹೊಯ್ದ್ರೆ ಮೈಯೆಲ್ಲ ಗುಳ್ಳೆ ಏಳತ್ತೆ ಕಣೇ. ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಬೇಡ."

"ಅವು ಸತ್ತಿವೆ ಅತ್ತೆ."

"ಸಾಯೋಕ್ ಮುಂಚೆ ಹೊಯ್ದಿದ್ರೆ?"

ಇದಕ್ಕೆ ಯಾವ ವಿಶ್ವವಿದ್ಯಾಲಯದಲ್ಲೂ ಉತ್ತರವಿಲ್ಲ. ದಿನಾ ಸಂಜೆ ಬಕೆಟ್ಟಿನಲ್ಲಿ ಅರಿಸಿನದ ನೀರು ಕಾಯುತ್ತಿತ್ತು.

ಒಂದು ಭಾನುವಾರ ಹುರುಳಿಕಾಯಿ ಬಿಡಿಸುತ್ತಾ ಎಲ್ಲ ಹೇಳಿದೆ. ಕೆಲವು ಜೇಡಗಳು ಹಿಮದ ಅಡಿಯಲ್ಲೇ ಚಳಿಗಾಲ ಕಳೆಯುತ್ತವೆ, ಮೈಯೊಳಗಿನ ನೀರು ಹೆಪ್ಪುಗಟ್ಟದಂತೆ ಕಾಪಾಡಿಕೊಳ್ಳುತ್ತವೆ. ಮರಿಗಳು ಒಂದೆಳೆ ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಹೋಗುತ್ತವೆ, ಹಿಮ ಕರಗಿದ ಬರಿಯ ನೆಲಕ್ಕೆ ಮೊದಲು ಬಂದಿಳಿಯುವವರಲ್ಲಿ ಅವೂ ಇರುತ್ತವೆ. ಅಲ್ಲೇ ಇರುವ ಇನ್ನೊಂದು ಜಾತಿಯ ತಾಯಿ ತನ್ನ ಮರಿಗಳನ್ನೆಲ್ಲ ಬೆನ್ನ ಮೇಲೆ ಹೊತ್ತು ತಿರುಗುತ್ತಾಳೆ.

ಅತ್ತೆಯ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ನಿಂತಿತು. "ಅಷ್ಟು ಚಳೀಲಿ? ಎಲ್ಲಾ ಮಕ್ಕಳನ್ನೂ?"

"ಎಲ್ಲಾನೂ."

ಮರುದಿನ ಸಂಜೆ ಬಾಗಿಲಲ್ಲಿ ಹೊಸ ಕಾನೂನು ಹೊರಬಿತ್ತು. "ತಾಯಿ ಜೇಡ ಮುಟ್ಟಿದ ದಿನ ಕಾಲು ತೊಳ್ಕೊಂಡು ಬಾ, ಸಾಕು. ಗಂಡು ಮುಟ್ಟಿದ್ರೆ ಮಾತ್ರ ಸ್ನಾನ."

೩. ಕೆಂಪು ತಲೆ

ಆರನೇ ತಿಂಗಳು ಆ ವಿಜ್ಞಾನಿಯೇ ಖುದ್ದಾಗಿ ಬರುವುದೆಂದಾಯಿತು. ನನ್ನ ಕೆಲಸ ನೋಡಿ, ಕಾಯಂ ಮಾಡಬೇಕೋ ಬೇಡವೋ ಎಂದು ಅವರೇ ಹೇಳುವವರು. ಬಂದ ದಿನವೇ ಆಯುಧ ಪೂಜೆ.

"ಅನ್ನ ಕೊಡೋ ಯಂತ್ರ ಅದು, ಬರಿ ಹಣೇಲಿ ಬಿಡ್ತೀಯಾ?" ಎಂದು ಅತ್ತೆ ಹಿಂದಿನ ದಿನವೇ ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಮಲ್ಲಿಗೆ, ಕುಂಕುಮ ತಂದಿಟ್ಟಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೈಕ್ರೋಸ್ಕೋಪಿಗೆ, ಚಿಮಟಕ್ಕೆ, ಜೇಡ ಎತ್ತುವ ಸಣ್ಣ ಬ್ರಶ್ಶಿಗೆ ಕುಂಕುಮ ಇಟ್ಟು ಕೈಮುಗಿದೆ. ಆಮೇಲೆ ಒರೆಸಿಯೂ ಒರೆಸಿದೆ. ಅದೇ ಬ್ರಶ್ಶಿನಿಂದ ಅವರಿಗೆ ತೋರಿಸಬೇಕಾದ ಜೇಡಗಳನ್ನು ತಟ್ಟೆಗೆ ಜೋಡಿಸಿದೆ.

ಹಿರಿಯ ವಿಜ್ಞಾನಿ ಬಂದರು, ಬಗ್ಗಿ ನೋಡಿದರು, ಹಾಗೇ ನಿಂತುಬಿಟ್ಟರು.

"ಕೆಂಪು ತಲೆ!" ಎಂದು ಕೂಗಿದರು. "ಈ ಜಾತಿಯಲ್ಲಿ ಕೆಂಪು ತಲೆ ನನ್ನ ಜೀವಮಾನದಲ್ಲೇ ನೋಡಿಲ್ಲ!"

ಮೇಡಂ ಓಡಿ ಬಂದರು, ಕಾಕ್ ಓಡಿ ಬಂದರು. ಹಿರಿಯರು ಊರಿಗೆ ಫೋನ್ ಮಾಡಲು ಜೇಬಿಗೆ ಕೈಹಾಕಿದರು. ನಾನೂ ಇಣುಕಿದೆ. ಸಾಸಿವೆಯಷ್ಟು ಜೇಡದ ನೆತ್ತಿಯ ನಟ್ಟನಡುವೆ, ದುಂಡಗೆ, ಲಕ್ಷಣವಾಗಿ ಕುಂಕುಮ.

ಹೇಳಿದರೆ ಕೆಲಸ ಹೋಯಿತು. ಹೇಳದಿದ್ದರೆ ಲೋಕಕ್ಕೆಲ್ಲ ಸುಳ್ಳು ಸುದ್ದಿ. ಬಾಯಿ ಮುಚ್ಚಿಕೊಂಡಿರೋಣ ಎಂದು ಒಂದು ಕ್ಷಣ ಅನಿಸಿದ್ದೂ ನಿಜ. ಆದರೆ ಹಿಮದಡಿ ಅಷ್ಟು ಕಷ್ಟಪಟ್ಟು ಬದುಕಿದ ಜೀವದ ತಲೆಗೆ ನನ್ನ ತಪ್ಪನ್ನು ಕಟ್ಟಲು ಮನಸ್ಸು ಬರಲಿಲ್ಲ.

"ಸರ್, ಆ ಕೆಂಪು ಜೇಡದ್ದಲ್ಲ. ನನ್ನದು," ಎಂದು ಹಣೆ ತೋರಿಸಿದೆ.

ಅವರು ನನ್ನ ಹಣೆ ನೋಡಿದರು, ಮೈಕ್ರೋಸ್ಕೋಪ್ ನೋಡಿದರು, ಮತ್ತೆ ಹಣೆ ನೋಡಿದರು. ವರ್ಷಕ್ಕೊಮ್ಮೆ ಅನ್ನ ಕೊಡುವ ಸಲಕರಣೆಗೆ ಕೈಮುಗಿಯುವುದು ನಮ್ಮ ಪದ್ಧತಿ ಎಂದು ತೊದಲುತ್ತಾ ವಿವರಿಸಿದೆ. ಅವರೇ ಜೇಡವನ್ನು ಸ್ಪಿರಿಟ್ಟಿನಲ್ಲಿ ತೊಳೆದರು. ಕೆಂಪು ಹೋಯಿತು. ಕುರ್ಚಿ ಎಳೆದುಕೊಂಡು ಕೂತರು.

ಆಮೇಲೆ ಜೇಬಿನಿಂದ ಒಂದು ಸವೆದ ಭೂತಗನ್ನಡಿ ತೆಗೆದು ನನ್ನ ಮುಂದಿಟ್ಟರು. "ಮೂವತ್ತು ವರ್ಷದಿಂದ ನನಗೆ ಅನ್ನ ಕೊಟ್ಟಿದ್ದು ಇದು. ಒಂದು ದಿನವೂ ಥ್ಯಾಂಕ್ಸ್ ಹೇಳಿಲ್ಲ. ಇದಕ್ಕೂ ಇಡ್ತೀರಾ?" ಮೇಡಂ ಕಡೆ ತಿರುಗಿ, "ತನ್ನ ತಪ್ಪನ್ನು ತಾನೇ ಹೇಳುವವರು ಸಿಗುವುದು ಕಷ್ಟ. ಇವರನ್ನು ಬಿಡಬೇಡಿ" ಎಂದರು.

ನನ್ನ ಕಣ್ಣು ತುಂಬಿ ಬಂತು. ಭೂತಗನ್ನಡಿಗೂ ಇಟ್ಟು ಕುಂಕುಮದ ಭರಣಿ ಮುಚ್ಚುವಷ್ಟರಲ್ಲಿ ಕಾಕ್ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ಆ ಪ್ರಿಂಟರಿಗೂ ಚೂರು ಹಚ್ಚು ಲಾ. ಹೋದ ವಾರದಿಂದ ಸತ್ತು ಬಿದ್ದಿದೆ, ನಿನ್ನ ಕಾಯಂ ಪತ್ರ ಅದರಿಂದಲೇ ಬರಬೇಕು."

ಹಚ್ಚಿದೆ. ಪ್ರಿಂಟರ್ ನಡೆಯಿತು, ಪತ್ರವೂ ಬಂತು, ಮೇಡಂ ಸಹಿ ಹಾಕಬೇಕಾದ ಜಾಗದ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಎಳೆದುಕೊಂಡು.