ನಮ್ಮ ಎಮ್ಮೆಯ ಬರಿಗಿವಿ

ಊರಿಗೆಲ್ಲ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುವವನ ಮನೆಗೆ ಯಾರೂ ತಪಾಸಣೆಗೆ ಬರಬಾರದು. ಇದು ನನ್ನ ಅನುಭವದ ಮಾತು. ನಾನು ಮಾನ್ವಿಯಲ್ಲಿರುವ ಸರ್ಕಾರಿ ನೌಕರ. ಹಳ್ಳಿಗಳ ದನಕರುಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕುವವನು. ಎಲ್ಲಿ ಎತ್ತು ಕುಂಟಿತು, ಯಾವ ಆಕಳು ಜೊಲ್ಲು ಸುರಿಸಿತು ಎಂದು ಮೇಲಿನವರಿಗೆ ವರದಿ ಕಳಿಸುವುದೂ ನನ್ನದೇ ಕೆಲಸ. ಲಸಿಕೆ ಹಾಕಿದ ದನದ ಕಿವಿಗೆ ಗುರುತಿಗೆಂದು ಹಳದಿ ಓಲೆ ತೊಡಿಸುತ್ತೇವೆ. ಇಷ್ಟೊಂದು ಕಿವಿಗಳಿಗೆ ಓಲೆ ತೊಡಿಸಿದ ನಾನು ನಮ್ಮ ಮನೆಯ ಎಮ್ಮೆಯನ್ನು ಮಾತ್ರ ಬರಿಗಿವಿಯಲ್ಲೇ ಬಿಟ್ಟಿದ್ದೆ. ಸೂಜಿ ಹಾಕಿದರೆ ಎರಡು ಮೂರು ದಿನ ಹಾಲು ತುಸು ಕಡಿಮೆಯಾಗುವುದುಂಟು. ನನಗೋ ಗಟ್ಟಿ ಮೊಸರಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಈ ವಾರ ಅಮಾವಾಸ್ಯೆ, ಮುಂದಿನ ವಾರ ಬೀಗರು ಎಂದು ಮುಂದೂಡುತ್ತಲೇ ಬಂದೆ. ಜನರ ಮುಂದೆ ಮಾತ್ರ, ಹಾಲು ಒಂದು ಹನಿಯೂ ಕಡಿಮೆಯಾಗುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ.

ಮೊನ್ನೆ ಕವಿತಾಳದ ಕಡೆಯ ಒಂದು ಹಳ್ಳಿಗೆ ಹೋದೆ. ಪಕ್ಕದ ಊರಿನಲ್ಲಿ ಆಗಲೇ ಬೇನೆ ಕಾಣಿಸಿಕೊಂಡು ಎರಡು ಎತ್ತು ಮಲಗಿದ್ದವು. ಈ ಊರಿಗೂ ಬಂದರೆ ಏನು ಗತಿ ಎಂದು ನನಗೆ ನಿಜಕ್ಕೂ ದಿಗಿಲು. ಆದರೆ ಇಲ್ಲಿ ಹುಲಿಗೆಮ್ಮ ಎಂಬ ಅಜ್ಜಿ ಹಾಕಿಸದೆ ಬೇರೆ ಯಾರೂ ಹಾಕಿಸುವುದಿಲ್ಲ. ಆಕೆ ಬಾಗಿಲಿಗೆ ಕೌದಿ ಇಳಿಬಿಟ್ಟು ಕಟ್ಟೆಯ ಮೇಲೆ ಕೂತಿದ್ದಳು.

"ಎಮ್ಮಿ ಇಲ್ಲರೀ. ದೇವದುರ್ಗಕ್ಕ, ನನ್ನ ತವರಮನಿಗೆ ಹೋಗ್ಯದ."

ಕೌದಿಯ ಹಿಂದೆ ಎಮ್ಮೆ ಒದರಿತು.

"ಅದು ನಮ್ಮ ಯಜಮಾನ್ರು ಗೊರಕಿ ಹೊಡಿಯಾಕತ್ತಾರ" ಎಂದಳು, ರೆಪ್ಪೆ ಕೂಡ ಅಲುಗಿಸದೆ.

ನಾನು ಎಂದಿನ ಭಾಷಣ ಶುರು ಮಾಡಿದೆ. ಅಜ್ಜಿ ಪೂರ್ತಿ ಕೇಳಿ, "ನಿಮ್ಮ ಮನ್ಯಾಗ ಎಮ್ಮಿ ಅದ ಏನ್ರೀ? ಅದಕ್ಕ ಹಾಕೀರೇನು?" ಎಂದಳು. ಮೊದಲು ಹಾಕಿದ್ದೇ ಅದಕ್ಕೆ ಎಂದೆ. "ಫೋಟೋ ತೋರಸ್ರಿ ಮತ್ತ." ಮೊಬೈಲಿನಲ್ಲಿ ಸಿಕ್ಕಿದ್ದು, ನನ್ನ ಹೆಂಡತಿ ಎಮ್ಮೆಯ ಕೊರಳು ತಬ್ಬಿ ನಿಂತ ಒಂದೇ ಚಿತ್ರ. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ನಿಮ್ಮ ಮನಿಯವ್ರ ಕಿವ್ಯಾಗ ಓಲಿ ಅದಾವ. ಎಮ್ಮಿ ಕಿವ್ಯಾಗ ಎಲ್ಲಿ?" ಎಂದಳು. ಸುತ್ತ ನಿಂತ ಹೆಂಗಸರು ಬಿದ್ದು ಬಿದ್ದು ನಕ್ಕರು. ಮೊದಲು ನನ್ನ ಎಮ್ಮೆಗೆ ಹಾಕಬೇಕು, ನಾಳೆ ಅಜ್ಜಿಯೇ ನಮ್ಮ ಮನೆಗೆ ಬಂದು ಹಾಲು ನೋಡಬೇಕು, ಆಮೇಲೆ ಊರಿನ ಮಾತು ಎಂದು ಫೈಸಲಾಯಿತು.

ಮನೆಗೆ ಬಂದವನೇ ಸೂಜಿ ಹಾಕಿ ಓಲೆ ತೊಡಿಸಿದೆ. ಬೆಳಿಗ್ಗೆ ಹಿಂಡಿದರೆ, ಪಾತ್ರೆಯಲ್ಲಿ ದಿನಾ ಹಾಲು ಮುಟ್ಟಿ ಮುಟ್ಟಿ ಬಿದ್ದ ಗೆರೆಗಿಂತ ಒಂದು ಲೋಟದಷ್ಟು ಕಡಿಮೆ! ಅಜ್ಜಿ ಇದನ್ನು ನೋಡಿದರೆ ಆ ಊರಿನಲ್ಲಿ ಒಂದು ದನವೂ ನನ್ನ ಕೈಗೆ ಸಿಗುವುದಿಲ್ಲ. ಹೆಂಡತಿ "ಬ್ಯಾಡ್ರೀ, ಬ್ಯಾಡ್ರೀ" ಅನ್ನುತ್ತಿದ್ದಂತೆಯೇ ಪಾತ್ರೆಗೆ ಒಂದು ಲೋಟ ನೀರು ಸುರಿದುಬಿಟ್ಟೆ.

ಅಜ್ಜಿ ಮೊದಲ ಬಸ್ಸಿಗೇ ಬಂದಳು. ಪಾತ್ರೆ ನೋಡಿದಳು. ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಅದು ಹರಿಯುವುದನ್ನೂ ನೋಡಿದಳು.

"ಹಾಲು ಕಮ್ಮಿ ಆಗಿಲ್ಲ ಬಿಡ್ರಿ. ನೀರು ಹೆಚ್ಚಾಗ್ಯದ."

ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. "ಎರಡು ಮೂರು ದಿನ ಕಮ್ಮಿ ಆಗ್ತದ ಯವ್ವಾ" ಎಂದು ಕೊನೆಗೂ ಬಾಯಿಬಿಟ್ಟೆ. "ಆಮ್ಯಾಲ ಮೊದಲಿನಂಗ ಕೊಡ್ತದ. ಬ್ಯಾನಿ ಬಂದ್ರ ಹಾಲೇ ನಿಂತುಬಿಡ್ತದ."

"ಅಯ್ಯ, ಇಷ್ಟೇ ಏನು! ಮೂರು ದಿನ ಅಂತ ಖರೇ ಹೇಳಿದ್ರ ನಿನ್ನೆನೇ ಹಾಕಸ್ತಿದ್ದೆ. ಒಂದು ಹನಿನೂ ಕಮ್ಮಿ ಆಗಂಗಿಲ್ಲ ಅಂದ್ರಲ್ಲ, ಅದಕ್ಕ ಅಂಜಿಕಿ ಬಂತು. ನಡೀರಿ, ಬಸ್ ಹೋಗ್ತದ."

ಆ ದಿನ ಸಂಜೆಯೊಳಗೆ ಊರಿನ ದನಗಳಿಗೆಲ್ಲ ಸೂಜಿ ಬಿತ್ತು. ಇಷ್ಟು ವರ್ಷ ಭಾಷಣ ಮಾಡಿ ಮಾಡಿ ನಾನು ಎಷ್ಟು ಊರುಗಳನ್ನು ಅಂಜಿಸಿದ್ದೆನೋ ಎಂದು ಲೆಕ್ಕ ಹಾಕುತ್ತ ಅಜ್ಜಿಯ ಹಿಂದೆ ಮನೆ ಮನೆ ತಿರುಗಿದೆ. ಒಂದೊಂದು ಬಾಗಿಲಲ್ಲೂ ನಿಂತು ಆಕೆ ನನ್ನ ಪರವಾಗಿ ಹೇಳುತ್ತಿದ್ದಳು:

"ಹಾಕಸ್ರವ್ವಾ, ಅಂಜಬ್ಯಾಡ್ರಿ. ಈ ಸಾಹೇಬ್ರಿಗೆ ಸುಳ್ಳು ಹೇಳಾಕ ಬರಂಗೇ ಇಲ್ಲ."