ನಾಲ್ಕು ಡಿಸ್ಕು, ಒಂದು ಚೆರ್ರಿ ಮರ

2009ನೇ ಇಸವಿ ಜುಲೈ 4, ಶನಿವಾರ, ಬೆಳಿಗ್ಗೆ 7 ಗಂಟೆ 26 ನಿಮಿಷಕ್ಕೆ ತುರ್ದಾಕುನ್ ಮೇಷ್ಟ್ರ ಲ್ಯಾಪ್‌ಟಾಪು ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿ ಸಾಲು ಬರೆದು ಸುಮ್ಮನಾಯಿತು: ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ.

ಮೇಷ್ಟ್ರು ಎಡಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡೇ ಬಲಗೈಯಿಂದ ಮತ್ತೊಮ್ಮೆ ಗುಂಡಿ ಒತ್ತಿದರು. ಅದೇ ಸಾಲು. ಮೂರನೇ ಸಲವೂ ಅದೇ.

ಎಡಗೈ ಎತ್ತಿ ಹಿಡಿದದ್ದಕ್ಕೆ ಕಾರಣವಿತ್ತು. ಸರೋವರದ ದಡದ ಪ್ರಿಸ್ತಾನ್ ಎಂಬ ತಮ್ಮ ಊರಿನ ಹಳೆಯ ಹಡಗುಕಟ್ಟೆಯ ತುದಿಯಲ್ಲಿ ನಿಂತು, ದಿನಾ ಬೆಳಿಗ್ಗೆ ಸರಿಯಾಗಿ ಏಳಕ್ಕೆ ಸರೋವರದ ನೀರಿನ ಉಷ್ಣತೆ ಅಳೆಯುವುದು ಮೇಷ್ಟ್ರ ಹನ್ನೊಂದೂವರೆ ವರ್ಷದ ವ್ರತ. ಮೊದಲ ತಿಂಗಳಲ್ಲೇ ಪುಸ್ತಕ ನೀರಿಗೆ ಬಿದ್ದು, ಕಷ್ಟಪಟ್ಟು ಮೇಲೆತ್ತಿಕೊಂಡಿದ್ದರು. ಅಂದಿನಿಂದ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡು ಮನೆಗೆ ಬಂದು ದಾಖಲಿಸುತ್ತಿದ್ದರು. ಅಂಗೈಯನ್ನು ಸರೋವರಕ್ಕೆ ಬೀಳಿಸುವುದು ಕಷ್ಟ. ಜ್ವರ ಬಂದರೂ ಮದುವೆಮನೆಯಿದ್ದರೂ ಒಂದು ದಿನವೂ ತಪ್ಪದೆ 4202 ಅಂಕಿಗಳು ಆಗಿದ್ದವು. ಎರಡು ಚಳಿಗಾಲ ಕೂತು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಏರಿಸಿದ ಮೇಲೆ, "ಇವೆಲ್ಲ ಅದರೊಳಗೆ ಹೋದ್ವಾ?" ಎಂದು ಹೆಂಡತಿ ಬುರುಲ್ಚಾ ಕೇಳಿದ್ದಳು. ಹೋದವು ಎಂದಿದ್ದರು. ಮಾರನೆಯ ದಿನದಿಂದ ಅಂಕಿಯ ಹಳೆಯ ಪುಸ್ತಕಗಳು ಚಹಾ ನೀರು ಕಾಯಿಸುವ ಸಮೋವಾರಿನ ಒಲೆ ಹೊತ್ತಿಸತೊಡಗಿದವು.

ಈ ಶನಿವಾರ ಸಂಜೆ ಐದಕ್ಕೆ ರಾಜಧಾನಿಯಿಂದ ಸರೋವರ ತಜ್ಞೆ ಅನಾರ್ಕುಲ್ ಮನೆಗೆ ಬರುವವರಿದ್ದರು. ಆರರ ವ್ಯಾನಿಗೆ ವಾಪಸ್ಸು. ಅವರ ಕಾಗದದಲ್ಲಿ ಒಂದು ಸಾಲಿತ್ತು: "ಒಂದು ದಿನವೂ ಖಾಲಿಯಿಲ್ಲದ ಇಂಥ ಪಟ್ಟಿ ನಮ್ಮಲ್ಲೂ ಇಲ್ಲ, ನಿಮ್ಮ ಹೆಸರಿನಲ್ಲೇ ಅಚ್ಚು ಹಾಕಿಸುತ್ತೇನೆ." ಮೇಷ್ಟ್ರು ಆ ಕಾಗದವನ್ನು ಎಷ್ಟು ಸಲ ಮಡಿಚಿ ಬಿಚ್ಚಿದ್ದರೆಂದರೆ ಅದು ಈಗ ನಾಲ್ಕು ಕಾಗದವಾಗಿತ್ತು.

"ಏನ್ರೀ, ಚಹಾ ಆರ್ತಾ ಇದೆ," ಎಂದು ಬುರುಲ್ಚಾ ಬಂದಳು. ಪರದೆ ನೋಡಿದಳು. "ಕಣ್ಣು ಬಿತ್ತು. ನಾನು ಹೇಳ್ಲಿಲ್ವಾ? ನಿನ್ನೆ ರಾತ್ರಿ ತಾಯಿತ ಹಾಕಿದ್ದಕ್ಕೆ ಇಷ್ಟರಲ್ಲೇ ಹೋಯ್ತು. ಇಲ್ದಿದ್ರೆ ಹೊತ್ತಿಕೊಂಡು ಉರೀತಿತ್ತು."

ತಾಯಿತವೆಂದರೆ ಕೆಂಪು ದಾರದಲ್ಲಿ ಹೊಲಿದ ಮೂರು ಮೂಲೆಯ ಉಣ್ಣೆಯ ತುಂಡು. ಬುರುಲ್ಚಾಳ ಅಕ್ಕನ ಮಗಳು ರಾಜಧಾನಿಯಿಂದ ಶುಕ್ರವಾರದ ವ್ಯಾನಿನಲ್ಲಿ ಕಳಿಸಿದ್ದಳು. ಅದೀಗ ಲ್ಯಾಪ್‌ಟಾಪಿನ ಬಲಮಗ್ಗುಲಿಗೆ ಉಣ್ಣಿಯಂತೆ ಕಚ್ಚಿಕೊಂಡಿತ್ತು. ವಿಜ್ಞಾನದ ಮೇಷ್ಟ್ರ ಲ್ಯಾಪ್‌ಟಾಪಿಗೆ ತಾಯಿತವೇ ಎಂದು ಅವರಿಗೂ ಅನ್ನಿಸಿತ್ತು. ಆದರೆ ಹೆಂಡತಿ ಅವರ ಥರ್ಮಾಮೀಟರಿಗೆ ಚೀಲ ಹೊಲಿದು ಕೊಟ್ಟವಳು, ಚಳಿಗಾಲದಲ್ಲಿ ಅವರಿಗಿಂತ ಮೊದಲು ಎದ್ದು ಹಡಗುಕಟ್ಟೆಯ ದಾರಿಯ ಹಿಮ ಗುಡಿಸಿದವಳು. ಒಂದು ತುಂಡು ಉಣ್ಣೆಗೆ ಜಗಳವೇಕೆ?

"ಮೊದಲು ಅಂಗೈ ಮೇಲಿಂದು ಒಂದು ಚೀಟಿಗೆ ಬರ್ಕೊಳ್ಳಿ," ಎಂದಳು ಬುರುಲ್ಚಾ.

"ಚೀಟಿ ಕಳೆದುಹೋಗುತ್ತೆ. ಇದು ಈಗ ಸರಿಹೋಗುತ್ತೆ," ಎಂದರು ಮೇಷ್ಟ್ರು.

ಅವರು ಧೈರ್ಯಗೆಟ್ಟಿರಲಿಲ್ಲ. ಲ್ಯಾಪ್‌ಟಾಪು ಕೊಂಡಾಗ ಪೆಟ್ಟಿಗೆಯಲ್ಲಿ ಒಂದು ಚೀಟಿಯಿತ್ತು: ಇದರ ಜೊತೆ ಡಿಸ್ಕುಗಳನ್ನು ಕೊಡುವುದಿಲ್ಲ, ಮೊದಲ ವಾರದಲ್ಲಿ ನೀವೇ ಮಾಡಿಟ್ಟುಕೊಳ್ಳಿ. ಅಂಥ ಚೀಟಿಗಳನ್ನು ಯಾರೂ ಓದುವುದಿಲ್ಲ. ಮೇಷ್ಟ್ರು ಎರಡು ಸಲ ಓದಿ, ನಾಲ್ಕು ಖಾಲಿ ಡಿಸ್ಕು ತಂದು, ಸಿಸ್ಟಮನ್ನು ಅವುಗಳಿಗೆ ಇಳಿಸಿ, ಅಂಚಿನಲ್ಲಿ ಪೆನ್ಸಿಲಿನಿಂದ ಸಾಸಿವೆ ಗಾತ್ರದ ಅಕ್ಷರದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು ಕಪಾಟಿನಲ್ಲಿಟ್ಟಿದ್ದರು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಎರಡು ಕೋಣೆ. ಒಂದರಲ್ಲಿ ಸಿಸ್ಟಮ್, ಇನ್ನೊಂದರಲ್ಲಿ ಸರೋವರದ ಅಂಕಿಗಳು. ಡಿಸ್ಕು ಹಾಕಿದರೆ ಮೊದಲನೆಯ ಕೋಣೆಯನ್ನಷ್ಟೇ ತೊಳೆದು ಸುಣ್ಣ ಬಳಿಯುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ. ಇದನ್ನೂ ಚೀಟಿಯಲ್ಲಿ ಓದಿದ್ದರು.

ಕಪಾಟು ತೆರೆದರು. ಡಿಸ್ಕುಗಳಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಇಸ್ಮಾರ್ ಬಂದ. ಅವನು ಟ್ರ್ಯಾಕ್ಟರ್ ರಿಪೇರಿಯವನು. ಜಗತ್ತಿನ ಯಂತ್ರಗಳೆಲ್ಲ ಒಂದೇ ಮನೆತನದವು ಎಂಬುದು ಅವನ ನಂಬಿಕೆ.

"ಗಾಳಿ ಸಿಕ್ಕಾಕೊಂಡಿರತ್ತೆ ಮೇಷ್ಟ್ರೇ," ಎಂದು ಅವನು ಟೈರಿನ ಪಂಪು ತಂದು ಲ್ಯಾಪ್‌ಟಾಪಿನ ಕಿಂಡಿಗೆ ಊದಿದ. ಒಳಗಿಂದ ರೊಟ್ಟಿಯ ಚೂರು ಬಂತು, ಸಿಸ್ಟಮ್ ಬರಲಿಲ್ಲ. ಇಸ್ಮಾರ್ ಲ್ಯಾಪ್‌ಟಾಪನ್ನು ಎತ್ತಿ ಮೈಯೆಲ್ಲ ತಡವಿ ನೋಡಿದ. "ಇದೇನಿದು ಪಕ್ಕದಲ್ಲಿ? ತೆಗೀಲಾ?"

"ಕೈ ತೆಗಿ," ಎಂದಳು ಬುರುಲ್ಚಾ. "ಊರಿನ ಕಣ್ಣೆಲ್ಲ ಇವತ್ತು ನಮ್ಮನೆ ಮೇಲಿದೆ, ಇವತ್ತೇ ತೆಗೀಬೇಕಾ?"

"ತಾಯಿತಾನಾ? ಬಿಡಿ ಅತ್ತಿಗೆ, ಗೊತ್ತಾಗ್ಲಿಲ್ಲ," ಎಂದು ಇಸ್ಮಾರ್ ಆ ಉಣ್ಣೆಯನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. "ನನ್ನ ಹತ್ರ ಒಂದು ಡಿಸ್ಕಿದೆ. ಕರಕೋಲ್ ಸಂತೇಲಿ ತಂದಿದ್ದು. ಲೋಕದಲ್ಲಿರೋ ಸಿಸ್ಟಮ್ಮೆಲ್ಲ ಅದರಲ್ಲೇ ಇದೆಯಂತೆ."

ಅದನ್ನು ಹಾಕಿದರೂ ಅದೇ ಬಿಳಿ ಸಾಲು. ಡಿಸ್ಕಿನಲ್ಲಿ ನಿಜವಾಗಿ ಏನಿದೆ ಎಂದು ಬುರುಲ್ಚಾಳ ಪ್ಲೇಯರಿನಲ್ಲಿ ಹಾಕಿ ನೋಡಿದರು. ಇಸ್ಮಾರನ ಅಣ್ಣನ ಮಗನ ಮದುವೆ. ಕೂಡಲೇ ನಿಲ್ಲಿಸಬಹುದಿತ್ತು. ಆದರೆ ಬುರುಲ್ಚಾ ಆ ಮದುವೆಗೆ ಹೋಗಿರಲಿಲ್ಲ.

"ಹುಡುಗಿ ಎತ್ತರ ಆಯ್ತಲ್ವೇನೋ?"

"ಎತ್ತರ ಹಿಮ್ಮಡಿಯ ಚಪ್ಪಲಿ ಅತ್ತಿಗೆ. ತಾಳಿ, ಮುಂದೆ ಮಾವ ಬೀಳ್ತಾನೆ."

ಮಾವ ಬೀಳುವವರೆಗೆ ನಲವತ್ತು ನಿಮಿಷ ಕಳೆಯಿತು. ಮೇಷ್ಟ್ರು ಅಂಗೈ ಎತ್ತಿ ಹಿಡಿದುಕೊಂಡೇ ಮನೆಯ ಐದು ಟ್ರಂಕುಗಳನ್ನು ಒಂದೇ ಕೈಯಲ್ಲಿ ಖಾಲಿ ಮಾಡಿ ಮುಗಿಸಿದ್ದರು. ಕಡೆಗೆ ಅವರು ಕೇಳಬೇಕಾದ್ದನ್ನು ಕೇಳಿದರು.

"ಕಪಾಟಿನಲ್ಲಿ ನಾಲ್ಕು ಡಿಸ್ಕಿತ್ತಲ್ಲ, ಎಲ್ಲಿ?"

"ಅದಾ?" ಎಂದಳು ಬುರುಲ್ಚಾ. "ನಾಲ್ಕನ್ನೂ ಪ್ಲೇಯರಿಗೆ ಹಾಕಿ ನೋಡ್ದೆ. ಒಂದೂ ಹಾಡ್ಲಿಲ್ಲ. ಹಾಡದೇ ಇರೋ ಡಿಸ್ಕು ಇಟ್ಕೊಂಡು ಏನ್ಮಾಡೋದು? ಎರಡು ತಿಂಗಳ ಹಿಂದೆ ಕ್ಲಾವಾ ಅಜ್ಜಿಗೆ ಕೊಟ್ಟೆ."

"ಯಾಕೆ?"

"ಹಕ್ಕಿ ಓಡಿಸೋಕೆ."

ಮೇಷ್ಟ್ರು ಕಿಟಕಿಯಿಂದ ನೋಡಿದರು. ಬೇಲಿಯಾಚೆ ಕ್ಲಾವಾ ಅಜ್ಜಿಯ, ಅಂದರೆ ಕ್ಲಾವ್ದಿಯಾ ಪೆತ್ರೋವ್ನಾಳ, ಚೆರ್ರಿ ಮರದಲ್ಲಿ, ಎಲೆಗಳ ನಡುವೆ, ಅವರ ಆಪರೇಟಿಂಗ್ ಸಿಸ್ಟಮ್ ನಾಲ್ಕು ಭಾಗವಾಗಿ ಥಳಥಳ ಹೊಳೆಯುತ್ತಾ ತಿರುಗುತ್ತಿತ್ತು.

ಅಜ್ಜಿ ಎಪ್ಪತ್ನಾಲ್ಕು ವರ್ಷದವಳು. ಮರದ ಕೆಳಗೆ ಮುಕ್ಕಾಲಿಯ ಮೇಲೆ ಕೂತು ಕಾವಲು ಕಾಯುತ್ತಿದ್ದಳು. ವಿಷಯ ಕೇಳಿ ತಲೆ ಅಲ್ಲಾಡಿಸಿದಳು.

"ಆಗಲ್ಲ ತುರ್ದಾಕುನ್. ಸೋಮವಾರ ಕೊಯ್ಲು. ಆ ವೈರ್ ನೋಡು."

ಕರೆಂಟಿನ ವೈರಿನ ಮೇಲೆ ಕಬ್ಬಕ್ಕಿಗಳು ಮದುವೆ ಊಟಕ್ಕೆ ಪಂಕ್ತಿ ಕೂತವರಂತೆ ಸಾಲಾಗಿ, ಕೊರಳು ಚಾಚಿ ಕಾಯುತ್ತಿದ್ದವು.

"ಮೂರೇ ಮೂರು ಗಂಟೆ ಅಜ್ಜಿ. ಇದು ಸರೋವರದ ಲೆಕ್ಕ. ಹನ್ನೊಂದೂವರೆ ವರ್ಷದ್ದು."

"ನನ್ನ ಮರ ನಲವತ್ತು ವರ್ಷದ್ದು. ಹೋದ ವರ್ಷ ಮೂವತ್ತೆಂಟು ಕಿಲೋ ಕೊಡ್ತು. ನಿನ್ನ ಸರೋವರ ಏನು ಕೊಡ್ತು, ನೆಗಡಿ?"

ಕಡೆಗೆ ಒಪ್ಪಂದವಾಯಿತು. ಡಿಸ್ಕು ವಾಪಸ್ಸು ಬರುವವರೆಗೆ ಇಸ್ಮಾರ್ ಮರದ ಕೆಳಗೆ ನಿಂತು ಪಾತ್ರೆಯ ಮುಚ್ಚಳ ಬಡಿಯಬೇಕು. ಮರ ಹತ್ತುವುದು ಮಾತ್ರ ಮೇಷ್ಟ್ರೇ. "ಇವನು ಹತ್ತಿದ್ರೆ ಕೊಂಬೆ ಉಳಿಯಲ್ಲ," ಎಂದಳು ಅಜ್ಜಿ ಇಸ್ಮಾರನ ಹೊಟ್ಟೆ ನೋಡಿ.

ಮೊದಲ ಡಿಸ್ಕನ್ನು ಮೇಷ್ಟ್ರು ಬಲಗೈಯೊಂದರಲ್ಲೇ ಬಿಚ್ಚಿದರು. ಎರಡನೆಯದಕ್ಕೆ ಹಲ್ಲು ಬೇಕಾಯಿತು. ನಾಲ್ಕನೆಯದು ತುತ್ತತುದಿಯಲ್ಲಿತ್ತು. ಕಾಲು ಜಾರಿತು. ಐವತ್ತೆರಡು ವರ್ಷದ ಭೌತಶಾಸ್ತ್ರದ ಮೇಷ್ಟ್ರು ಗುರುತ್ವಾಕರ್ಷಣೆಯ ವಿಷಯದಲ್ಲಿ ಯಾವ ಸಂದೇಹವನ್ನೂ ಇಟ್ಟುಕೊಳ್ಳದೆ, ಎರಡೂ ಕೈಯಲ್ಲಿ ಸಿಕ್ಕಿದ್ದನ್ನು ಬಾಚಿ ತಬ್ಬಿಕೊಂಡರು. ಸಿಕ್ಕಿದ್ದು ಒಂದು ಕೊಂಬೆ, ಮಾಗಿದ ಹಣ್ಣಿನ ಗೊಂಚಲುಗಳ ಸಮೇತ. ಇಳಿದಾಗ ಅಂಗಿ ನೋಡಿದವರು ಕೊಲೆಯಾಗಿದೆ ಎಂದುಕೊಳ್ಳಬೇಕು. ಆದರೆ ನಾಲ್ಕೂ ಡಿಸ್ಕು ಸಿಕ್ಕಿದ್ದವು. ಬಾವಿಕಟ್ಟೆಯಲ್ಲಿ ಕೈಕಾಲಿಗೆ ಸೋಪು ಹಚ್ಚಿ ತೊಳೆದು ಮನೆಗೆ ಓಡಿದರು.

ಮಧ್ಯಾಹ್ನ ಒಂದು ಗಂಟೆಗೆ ಮೊದಲ ಡಿಸ್ಕು ಒಳಗೆ ಹೋಯಿತು. ಹಕ್ಕಿ ಹಿಕ್ಕೆ ತೊಳೆದ ಡಿಸ್ಕನ್ನು ಲ್ಯಾಪ್‌ಟಾಪು ಸ್ವಲ್ಪ ಗೊಣಗಿ ಒಪ್ಪಿಕೊಂಡಿತು. ಎರಡನೆಯದಕ್ಕೆ ಅಜ್ಜಿ ಬಂದು ಕೂತಳು, ತನ್ನ ಹಕ್ಕಿ ಓಡಿಸುವ ತಟ್ಟೆಯೊಳಗೆ ಏನಿತ್ತು ಎಂದು ನೋಡಲು. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ಸರಿಯುವುದನ್ನು ನೋಡುತ್ತಾ ಚಹಾ ಕುಡಿದಳು. ಮೂರನೆಯದು ನೂರಕ್ಕೆ ಅರವತ್ತೊಂದು ತಲುಪಿ ನಿಂತಿತು. ಎರಡು ತಿಂಗಳು ಗಾಳಿಗೆ ಕೊಂಬೆಗಳು ಅದರ ಮೈ ಗೀರಿದ್ದವು.

"ಹೊರಗೆ ತೆಗೀರಿ," ಎಂದು ಬುರುಲ್ಚಾ ಕುರಿಬಾಲದ ಕೊಬ್ಬು ತಂದಳು. ನೆಗಡಿಯಾದ ಕೂಸಿನ ಎದೆಗೆ ಹಚ್ಚುವ ಹಾಗೆ ಡಿಸ್ಕಿಗೆ ಸವರಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿ ಕೊಟ್ಟಳು. ವಿಜ್ಞಾನದಲ್ಲಿ ಇದಕ್ಕೆ ಆಧಾರವುಂಟೇ ಎಂದು ಮೇಷ್ಟ್ರು ಯೋಚಿಸುವ ಮೊದಲೇ ಪಟ್ಟಿ ಅರವತ್ತೆರಡಕ್ಕೆ ಸರಿಯಿತು.

"ನೋಡಿದ್ರಾ," ಎಂದ ಇಸ್ಮಾರ್. "ಗ್ರೀಸು. ನಾನು ಆಗ್ಲೇ ಹೇಳ್ದೆ."

"ನೀನು ಇಲ್ಲೇನ್ಮಾಡ್ತಿದೀಯ?" ಎಂದಳು ಅಜ್ಜಿ.

"ಒಂದು ನಿಮಿಷ ಅಜ್ಜಿ, ಅರವತ್ತೆರಡು ಆಯ್ತಾ ಅಂತ ನೋಡೋಕೆ ಬಂದೆ."

"ಯಾವಾಗ ಬಂದೆ?"

"ಎರಡನೇ ಡಿಸ್ಕಿಗೆ."

ಅಜ್ಜಿ ಕಪ್ಪು ಕೆಳಗಿಟ್ಟು ಹೊರಗೆ ನಡೆದಳು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಪಾತ್ರೆಯ ಮುಚ್ಚಳದ ಸದ್ದು, ಅದರ ಹಿಂದೆ ಅಜ್ಜಿಯ ಬೈಗುಳ ಕೇಳಿಸಿದವು. ಬೈಗುಳ ಕಬ್ಬಕ್ಕಿಗೋ ಇಸ್ಮಾರನಿಗೋ ಎಂಬುದು ಖಚಿತವಾಗಲಿಲ್ಲ. ಇಸ್ಮಾರ್ ತನಗೇ ಎಂದು ಇಟ್ಟುಕೊಂಡು ಒಲೆಯ ಮರೆಗೆ ಸರಿದ.

ನಾಲ್ಕನೆಯ ಡಿಸ್ಕು ಮುಗಿದಾಗ ಐದಾಗಲು ಎರಡು ನಿಮಿಷ. ಕೆಲಸ ಪೂರ್ತಿಯಾಯಿತು, ಇನ್ನು ಮುಚ್ಚಿ ಮತ್ತೆ ಶುರುಮಾಡುತ್ತೇನೆ ಎಂದಿತು ಲ್ಯಾಪ್‌ಟಾಪು. ಆ ಗಳಿಗೆಗೇ ಅನಾರ್ಕುಲ್ ಬಾಗಿಲಿಗೆ ಬಂದರು. ಬಿಳಿ ಕೂದಲಿನ, ಮೆಲುದನಿಯ ಹೆಂಗಸು, ಬೆನ್ನಿಗೊಂದು ಚೀಲ. ಬುರುಲ್ಚಾ ರೊಟ್ಟಿ ಮುಂದಿಟ್ಟಳು. ಎಲ್ಲರೂ ಪರದೆಯತ್ತ ತಿರುಗಿದರು.

ಪರದೆ ಕಪ್ಪಾಯಿತು. ಬಿಳಿ ಸಾಲು ಬಂತು: ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ.

ಮೇಷ್ಟ್ರು ಕುರ್ಚಿಯ ಮೇಲೆ ಕೂತರು.

"ಪಕ್ಕದಲ್ಲಿ ಅದೇನು?" ಎಂದು ಕೇಳಿದರು ಅನಾರ್ಕುಲ್.

"ತಾಯಿತ," ಎಂದರು ಮೂವರೂ ಒಟ್ಟಿಗೆ.

"ನಮ್ಮಲ್ಲಿ ಕರಕುಶಲ ಮೇಳದಲ್ಲಿ ಮಾರ್ತಾರೆ. ಉಣ್ಣೆ ಹೊರಗೆ ಮಾತ್ರ. ಒಳಗಿರೋದು ಫ್ಲ್ಯಾಶ್, ಪೆನ್ ಡ್ರೈವ್ ಅಂತಾರಲ್ಲ ಅದು." ಅವರು ಎರಡು ಬೆರಳಲ್ಲಿ ತಾಯಿತವನ್ನು ಎಳೆದರು. ಅದರ ತುದಿಯಲ್ಲಿ ತಗಡಿನ ಚಿಕ್ಕ ನಾಲಿಗೆಯಿತ್ತು. "ಡಿಸ್ಕು ಇಲ್ದಿದ್ದಾಗ ನಿಮ್ಮ ಲ್ಯಾಪ್‌ಟಾಪು ಮೊದಲು ಇದರೊಳಗೆ ಸಿಸ್ಟಮ್ ಹುಡುಕುತ್ತೆ. ಇದು ಖಾಲಿ. ಅದಕ್ಕೇ ಸಿಗಲಿಲ್ಲ ಅನ್ನುತ್ತೆ. ಈಗ ಒತ್ತಿ."

ಮೇಷ್ಟ್ರು ಒತ್ತಿದರು. ಲ್ಯಾಪ್‌ಟಾಪು ಕೊಂಡ ದಿನದಂತೆ ಹಾಡಿ ಎದ್ದಿತು.

"ಹಾಗಾದ್ರೆ ಬೆಳಿಗ್ಗೆ..." ಎಂದರು ಮೇಷ್ಟ್ರು.

"ಬೆಳಿಗ್ಗೆ ಏನೂ ಆಗಿರಲಿಲ್ಲ. ಇದನ್ನ ಎಳೆದಿದ್ರೆ ಸಾಕಿತ್ತು."

ಇಸ್ಮಾರ್ ಒಲೆಯ ಮರೆಯಿಂದ, "ತೆಗೀಲಾ ಅಂತ ಕೇಳಿದ್ದು ನಾನೇ," ಎಂದ. ಬುರುಲ್ಚಾ ಅವನನ್ನು ನೋಡಿದಳು. ಅವನು ಮತ್ತೆ ಮರೆಗೆ ಹೋದ.

"ಏನಾದ್ರೂ ಅನ್ನಿ," ಎಂದಳು ಬುರುಲ್ಚಾ ಗಂಡನ ಮುಖ ನೋಡದೆ, "ಅಂಕಿಗಳು ಉಳಿದ್ವಲ್ಲ."

ಉಳಿದಿದ್ದವು. ಎರಡನೆಯ ಕೋಣೆಯಲ್ಲಿ 4202 ಅಂಕಿಗಳು ಕದಲದೆ ಕೂತಿದ್ದವು. ಅನಾರ್ಕುಲ್ ಕನ್ನಡಕ ಏರಿಸಿಕೊಂಡು ಪ್ರತಿ ತಿಂಗಳನ್ನೂ ಬೆರಳಿಟ್ಟು ನೋಡಿದರು. "ಒಂದೂ ಖಾಲಿಯಿಲ್ಲ," ಎಂದರು. ಮೇಷ್ಟ್ರ ಕಿವಿ ಕೆಂಪಾಯಿತು. "ಇವತ್ತಿನದು ಸೇರಿಸಿಬಿಡಿ, ತಗೊಂಡು ಹೋಗ್ತೀನಿ."

ಮೇಷ್ಟ್ರು ಎಡ ಅಂಗೈ ಬಿಡಿಸಿದರು.

ಅಂಗೈ ತುಂಬ ಸೋಪಿಗೂ ಹೋಗದ ಚೆರ್ರಿಯ ಕಡುಗೆಂಪು. ರೇಖೆಗಳ ನಡುವೆ ನೀಲಿ ಶಾಯಿಯ ಒಂದು ನೆರಳು. ಹದಿನೇಳು ಇತ್ತು, ಅಷ್ಟು ಖಂಡಿತ. ಹದಿನೇಳು ಪಾಯಿಂಟ್ ಎರಡೋ ನಾಲ್ಕೋ?

"ಚೀಟಿಗೆ ಬರ್ಕೊಳ್ಳಿ ಅಂದೆ," ಎಂದಳು ಬುರುಲ್ಚಾ, ಬಹಳ ಮೆತ್ತಗೆ.

"ನಾಲ್ಕು ಅಂತ ಹಾಕಿ ಮೇಷ್ಟ್ರೇ, ಸರೋವರ ಬಂದು ಕೇಳತ್ತಾ?" ಎಂದ ಇಸ್ಮಾರ್.

ಮೇಷ್ಟ್ರು ಅಂಗೈ ನೋಡಿ ಅದನ್ನು ಮಡಿಚಿದರು. "ಗೊತ್ತಿಲ್ಲ," ಎಂದರು.

ಅನಾರ್ಕುಲ್ ಅವರನ್ನು ನೋಡಿ ತಲೆಯಾಡಿಸಿದರು. "ಸರಿ. ಇನ್ನು ಖಾಲಿಯಿಲ್ಲದ ಪಟ್ಟಿ ಅಂತ ನಾನು ಬರೆಯೋ ಹಾಗಿಲ್ಲ. ಟಿಪ್ಪಣಿಯ ಜಾಗದಲ್ಲಿ ಕಾರಣ ಬರೀರಿ. ಇವತ್ತು ಬೇರೆ ಏನಾದ್ರೂ ಅಳೆದಿದ್ರೆ ಅದನ್ನೂ ಬರೀರಿ. ಅಳತೆ ಅಂದ್ರೆ ಅಳತೆ."

ಅಂಕಿಗಳು ತಾಯಿತದೊಳಗಿನ ಆ ಫ್ಲ್ಯಾಶಿಗೇ ಇಳಿದವು. ದಾರಿಯಲ್ಲಿ ಯಾರ ಕಣ್ಣೂ ಬೀಳದಿರಲಿ ಎಂದು ಬುರುಲ್ಚಾ ತಾಯಿತವನ್ನು ಅನಾರ್ಕುಲ್ ಅವರ ಚೀಲಕ್ಕೆ ತಾನೇ ಹಾಕಿ ಗಂಟು ಬಿಗಿದಳು. ವ್ಯಾನು ಸಮಯಕ್ಕೆ ಸರಿಯಾಗಿ ಹೊರಟಿತು.

ಲ್ಯಾಪ್‌ಟಾಪು ಪರದೆಯ ಮೇಲೆ ಒಂದು ಹೊಸ ಚೀಟಿ ತೋರಿಸಿತು: ಇದರ ಜೊತೆ ಡಿಸ್ಕುಗಳನ್ನು ಕೊಟ್ಟಿಲ್ಲ, ಮೊದಲ ವಾರದಲ್ಲಿ ನೀವೇ ಮಾಡಿಟ್ಟುಕೊಳ್ಳಿ. ಮೇಷ್ಟ್ರು ಮೇಜಿನ ಮೇಲಿದ್ದ ನಾಲ್ಕು ಡಿಸ್ಕುಗಳತ್ತ ಕೈ ಚಾಚಿದರು. ಅವರಿಗಿಂತ ಮೊದಲು ಇನ್ನೊಂದು ಕೈ ಅವನ್ನು ಬಾಚಿಕೊಂಡಿತು.

"ಇವು ನನ್ನವು," ಎಂದಳು ಕ್ಲಾವಾ ಅಜ್ಜಿ. "ಹುಳಿ ಚೆರ್ರಿ ಮರ ಇನ್ನೂ ಹಣ್ಣಾಗ್ಬೇಕು." ಇನ್ನೊಂದು ಕೈಯಲ್ಲಿದ್ದ ಬಕೆಟ್ಟನ್ನು ಮೇಜಿನ ಮೇಲಿಟ್ಟಳು. ಡಿಸ್ಕು ತೂಗುತ್ತಿದ್ದ ಸಿಹಿ ಚೆರ್ರಿ ಮರದಲ್ಲಿ ಕಬ್ಬಕ್ಕಿಗಳು ತಿಂದು ಬಿಟ್ಟದ್ದು, ಈ ವರ್ಷದ ಪೂರ್ತಿ ಕೊಯ್ಲು ಅದು. "ತಕ್ಕಡಿ ತಾ ತುರ್ದಾಕುನ್. ನೀನೇ ತೂಗು. ನಿನ್ನ ಅಳತೆ ಸರಿಯಿರತ್ತೆ ಅಂತಾರೆ."

ಮೇಷ್ಟ್ರು ಎರಡು ಸಲ ತೂಗಿದರು. ಆಮೇಲೆ ಕೂತು ಟಿಪ್ಪಣಿಯ ಜಾಗದಲ್ಲಿ ಬರೆದರು:

ಜುಲೈ 4. ನೀರಿನ ಉಷ್ಣತೆ: ಲಭ್ಯವಿಲ್ಲ. ಚೆರ್ರಿ: 1 ಕಿಲೋ 340 ಗ್ರಾಂ.